ಜಗುಲಿಯ ಮೇಲಿನ ಗಂಟು ಬಿಚ್ಚಿದ ಹಳಕಟ್ಟಿಯವರು

ಲೋಕಾಪುರದಿಂದ ಹೊರಟು ಮುಧೋಳ, ಮಹಾಲಿಂಗಪುರಗಳನ್ನು ಹಾದುಹೋದರೆ ರಬಕವಿ-ಬನಹಟ್ಟಿ ಸಿಗುತ್ತದೆ. ನೇಕಾರರ ಊರು. ಮಗ್ಗದ ಸದ್ದಿಗೂ ಅಲ್ಲಿ ತಯಾರಾಗುವ ಸೀರೆಗಳಿಗೂ ಅದು ಹೆಸರಾಗಿದೆ. ಆದರೆ ಕನ್ನಡ ಪುಸ್ತಕಗಳ ಚರಿತ್ರೆಯಲ್ಲಿ ಈ ಊರಿಗೆ ಇನ್ನೊಂದು ಸ್ಥಾನವಿದೆಯೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, 1903ರ ಸುಮಾರಿಗೆ, ಕಾನೂನು ಓದುತ್ತಿದ್ದ ಯುವಕರೊಬ್ಬರು ಇಲ್ಲಿಯ ಮಂಚಾಲೆ ಮನೆತನದವರ ಬಳಿ ತಾಳೆಗರಿಯ ಕಟ್ಟುಗಳನ್ನು ಕಂಡರು. ಆ ಕಟ್ಟುಗಳಲ್ಲಿ ಶರಣರ ವಚನಗಳಿದ್ದವು. ಆ ಯುವಕರೇ ಮುಂದೆ ವಚನ ಪಿತಾಮಹರೆಂದು ನಾಡೆಲ್ಲ ಗೌರವಿಸಿದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು ಜನಿಸಿದ್ದು 1880ನೆಯ ಇಸವಿಯ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಬರವಣಿಗೆಯಲ್ಲಿ ಆಸಕ್ತಿಯುಳ್ಳವರು. ತಾಯಿ ದಾನಮ್ಮನವರು ಮಗ ಇನ್ನೂ ಎಳೆಯವನಿರುವಾಗಲೇ ತೀರಿಕೊಂಡರು. ಧಾರವಾಡದಲ್ಲಿ ಶಾಲಾ ಶಿಕ್ಷಣವನ್ನು ಮುಗಿಸಿ 1896ರಲ್ಲಿ ಮೆಟ್ರಿಕ್ ಪರೀಕ್ಷೆಯಲ್ಲಿ ಉತ್ತೀರ್ಣರಾದ ಹಳಕಟ್ಟಿಯವರು ಉಚ್ಚ ಶಿಕ್ಷಣಕ್ಕಾಗಿ ಮುಂಬಯಿಗೆ ತೆರಳಿದರು. ಅಲ್ಲಿ ಅವರು ಸೇರಿದ್ದು ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಸಂತ ಕ್ಸೇವಿಯರ್ ಕಾಲೇಜನ್ನು ಎಂಬುದು ನಮ್ಮ ವಾಚಕರಿಗೆ ಸಂತೋಷ ತರುವ ಸಂಗತಿ. ಕರ್ನಾಟಕ ಏಕೀಕರಣಕ್ಕಾಗಿ ಮುಂದೆ ತಮ್ಮ ಬಾಳನ್ನೇ ಸವೆಸಿದ ಆಲೂರು ವೆಂಕಟರಾಯರೂ ಮುಂಬಯಿಯ ದಿನಗಳಲ್ಲಿ ಅವರ ಒಡನಾಡಿಗಳಾಗಿದ್ದರು.

ಮುಂಬಯಿಯಲ್ಲಿ ಹಳಕಟ್ಟಿಯವರ ಕಣ್ಣು ತೆರೆಸಿದ್ದು ಕಾಲೇಜಿನ ಪಾಠಗಳು ಮಾತ್ರವಲ್ಲ. ಗುಜರಾತಿ ಮತ್ತು ಮರಾಠಿ ಜನರು ತಮ್ಮ ತಮ್ಮ ಭಾಷೆಯ ಮೇಲಿಟ್ಟಿದ್ದ ಅಭಿಮಾನವನ್ನು ಅವರು ಹತ್ತಿರದಿಂದ ಕಂಡರು. ಆಗ ತಮ್ಮ ನಾಡಿನ ಸ್ಥಿತಿ ನೆನಪಾಗಿ ಅವರ ಮನಸ್ಸು ನೊಂದಿತು. ಅಂದು ಉತ್ತರ ಕರ್ನಾಟಕವು ಮುಂಬಯಿ ಪ್ರಾಂತಕ್ಕೂ ಹಲವು ಸಂಸ್ಥಾನಗಳಿಗೂ ಹಂಚಿಹೋಗಿತ್ತು. ಮುಧೋಳವನ್ನು ಘೋರ್ಪಡೆ ಮನೆತನದವರು, ಜಮಖಂಡಿಯನ್ನು ಪಟವರ್ಧನ ಮನೆತನದವರು ಆಳುತ್ತಿದ್ದರು. ಕಚೇರಿಗಳಲ್ಲಿ ಮರಾಠಿಗೆ ಮನ್ನಣೆಯಿತ್ತು; ಮನೆಯ ಮಾತಾದ ಕನ್ನಡವು ಮನೆಯಲ್ಲಿಯೇ ಉಳಿದಿತ್ತು. ಕನ್ನಡದಲ್ಲಿ ಓದತಕ್ಕದ್ದೇನಿದೆ ಎಂದು ಕೇಳುವ ವಿದ್ಯಾವಂತರಿಗೆ ಕೊರತೆಯಿರಲಿಲ್ಲ.

ಈ ಪ್ರಶ್ನೆಗೆ ಉತ್ತರ ಅವರಿಗೆ ದೊರೆತದ್ದು ದೊಡ್ಡ ನಗರದ ಗ್ರಂಥಾಲಯದಲ್ಲಿ ಅಲ್ಲ, ಕೃಷ್ಣಾ ತೀರದ ಸೀಮೆಯ ಮನೆಗಳಲ್ಲಿ. ಅಂದು ಅನೇಕ ಮನೆಗಳಲ್ಲಿ, ಮಠಗಳಲ್ಲಿ ತಾಳೆಗರಿಯ ಕಟ್ಟುಗಳಿದ್ದವು. ಹಿರಿಯರು ಅವನ್ನು ವಸ್ತ್ರದಲ್ಲಿ ಸುತ್ತಿ ದೇವರ ಜಗುಲಿಯ ಮೇಲಿರಿಸಿ ಪೂಜೆ ಸಲ್ಲಿಸುತ್ತಿದ್ದರು. ಆದರೆ ಬಿಚ್ಚಿ ಓದುವವರು ಕಡಿಮೆ. ಕಬ್ಬಿಣದ ಕಂಠದಿಂದ ಕೊರೆದ ಹಳೆಯ ಅಕ್ಷರಗಳನ್ನು ಗುರುತಿಸುವ ಅಭ್ಯಾಸ ತಪ್ಪಿಹೋಗಿತ್ತು. ಹೀಗಾಗಿ ಗ್ರಂಥಕ್ಕೆ ಮರ್ಯಾದೆ ಸಲ್ಲುತ್ತಿತ್ತು, ಗ್ರಂಥದೊಳಗಿನ ಮಾತು ಮಾತ್ರ ಯಾರಿಗೂ ಕೇಳಿಸುತ್ತಿರಲಿಲ್ಲ. ಕೆಲವು ಕಟ್ಟುಗಳು ಒಲೆಯ ಹೊಗೆಗೆ ಕಪ್ಪಾದವು. ಕೆಲವನ್ನು ಗೆದ್ದಲು ತಿಂದಿತು. ಜೀರ್ಣವಾದವೆಂದು ಹೊಳೆಗೆ ಬಿಟ್ಟವುಗಳೂ ಉಂಟು. ತನ್ನ ಮನೆಯಲ್ಲಿಯೇ ಇರುವ ನಿಧಿಯನ್ನು ಒಂದು ಜನಾಂಗವು ಹೇಗೆ ಕಳೆದುಕೊಳ್ಳುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಈ ನಷ್ಟವು ನಮ್ಮ ಸೀಮೆಗೆ ಹೊಸದೂ ಅಲ್ಲ. ಲೋಕಾಪುರದ ನೆರೆಯ ಮುಧೋಳವು, ಅಂದರೆ ಪ್ರಾಚೀನ ಮುದುವೊಳಲು, ಮಹಾಕವಿ ರನ್ನನ ಹುಟ್ಟೂರು. ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಜನಿಸಿದ ಆತನು ಚಾಲುಕ್ಯ ಚಕ್ರವರ್ತಿಗಳಿಂದ ಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದನು. ಆತನ ಅಜಿತಪುರಾಣವೂ ಗದಾಯುದ್ಧವೂ ನಮಗೆ ಉಳಿದಿವೆ. ಆದರೆ ಪರಶುರಾಮಚರಿತ, ಚಕ್ರೇಶ್ವರಚರಿತ ಎಂಬ ಎರಡು ಕಾವ್ಯಗಳು ಹೆಸರಾಗಿ ಮಾತ್ರ ನಿಂತಿವೆ. ಅವುಗಳ ಒಂದು ಪ್ರತಿಯೂ ಇಂದಿನವರೆಗೆ ದೊರೆತಿಲ್ಲ. ಸಾಮ್ರಾಟರ ಆಸ್ಥಾನದಲ್ಲಿ ಮೆರೆದ ಕವಿಯ ಗ್ರಂಥಗಳಿಗೇ ಈ ಗತಿ ಒದಗಿದ್ದರೆ, ಅಂಬಿಗರು, ಮಡಿವಾಳರು, ಕಾಯಕದ ಹೆಣ್ಣುಮಕ್ಕಳು ನುಡಿದ ವಚನಗಳ ಗತಿ ಏನಾಗಬೇಕಿತ್ತು? ಹಳಕಟ್ಟಿಯವರ ಬಾಳಿನ ದುಡಿಮೆಯೆಲ್ಲವೂ ಈ ಪ್ರಶ್ನೆಯ ಸುತ್ತಲೇ ನಡೆಯಿತೆಂದು ನಾವು ಹೇಳಬಹುದು.

1904ರಲ್ಲಿ ಕಾನೂನು ಪದವಿಯನ್ನು ಪಡೆದ ಅವರು ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ಮಾಡಿ, ಬಳಿಕ ವಿಜಾಪುರಕ್ಕೆ ಬಂದು ನೆಲೆಸಿದರು. 2014ರಿಂದ ವಿಜಯಪುರವೆಂದು ಅಧಿಕೃತವಾಗಿ ಹೆಸರಾದ ಆ ನಗರವೇ ಅವರ ಕರ್ಮಭೂಮಿಯಾಯಿತು. ವಕೀಲಿ ವೃತ್ತಿಯಲ್ಲಿ ಅವರು ಬೇಗನೆ ಹೆಸರು ಗಳಿಸಿದರು. ಸರ್ಕಾರಿ ವಕೀಲರೂ ಆದರು. ಬರಗಾಲವು ಮೇಲಿಂದ ಮೇಲೆ ಬಂದೆರಗುತ್ತಿದ್ದ ಆ ಜಿಲ್ಲೆಯಲ್ಲಿ ವಿದ್ಯೆಯೂ ಬಂಡವಾಳವೂ ಇಲ್ಲದೆ ಜನರು ಮೇಲೇಳಲಾರರೆಂಬುದನ್ನು ಕಂಡುಕೊಂಡರು. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಯ ಸ್ಥಾಪನೆಗೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಆರಂಭಕ್ಕೂ ಅವರು ಮುಂದಾಳಾಗಿ ನಿಂತರು. ಮುಂದೆ ಮುಂಬಯಿ ಶಾಸನಸಭೆಯ ಸದಸ್ಯರಾಗಿಯೂ ಸೇವೆ ಸಲ್ಲಿಸಿದರು. ಇವುಗಳಲ್ಲಿ ಯಾವುದೊಂದನ್ನು ಹಿಡಿದು ನಿಂತಿದ್ದರೂ ಅವರು ಸುಖವಾಗಿ, ಶ್ರೀಮಂತರಾಗಿ ಬಾಳಬಹುದಿತ್ತು.

ಆದರೆ ರಬಕವಿ-ಬನಹಟ್ಟಿಯಲ್ಲಿ ಕಂಡ ಗರಿಗಳು ಅವರನ್ನು ಬಿಡಲಿಲ್ಲ. ನ್ಯಾಯಾಲಯದ ಕೆಲಸದ ನಡುವೆ ಬಿಡುವಾದಾಗಲೆಲ್ಲ ಅವರು ಹಳ್ಳಿಹಳ್ಳಿಗೆ ಹೋಗಿ ಮನೆಗಳಲ್ಲಿ, ಮಠಗಳಲ್ಲಿ ವಿಚಾರಿಸಿದರು. ಪೂಜೆಯ ಕಟ್ಟನ್ನು ಪರರ ಕೈಗೆ ಕೊಡಲು ಯಾರ ಮನಸ್ಸಾದರೂ ಒಪ್ಪೀತೆ? ಕೇಳಬೇಕು, ಕಾಯಬೇಕು, ನಂಬಿಕೆ ಗಳಿಸಬೇಕು. ಕಟ್ಟು ಕೈಗೆ ಬಂದ ಮೇಲೆ ಇನ್ನೂ ಹೆಚ್ಚಿನ ಕೆಲಸ. ಗರಿಗಳಲ್ಲಿ ಪದಗಳ ನಡುವೆ ಬಿಡುವಿಲ್ಲ. ಒಂದೇ ವಚನವು ಒಂದೊಂದು ಪ್ರತಿಯಲ್ಲಿ ಒಂದೊಂದು ಬಗೆಯಾಗಿರುತ್ತದೆ. ಅವನ್ನೆಲ್ಲ ಹೋಲಿಸಿ, ನಕಲು ಮಾಡಿ, ಯಾವುದು ಯಾರ ವಚನವೆಂದು ಅಂಕಿತದಿಂದ ನಿರ್ಣಯಿಸಿ, ವಿಷಯಕ್ಕನುಗುಣವಾಗಿ ಜೋಡಿಸಬೇಕಾಗಿತ್ತು. ಈ ಪರಿಶ್ರಮವನ್ನು ಅವರು ಎರಡು ದಶಕಗಳ ಕಾಲ ಮೌನವಾಗಿ ಮಾಡಿದರು. ಕೆಲವು ವಚನಗಳು ಅದಕ್ಕೆ ಮುಂಚೆಯೂ ಅಚ್ಚಾಗಿದ್ದವು, ನಿಜ. ಆದರೆ ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದ ಕಾಲದಲ್ಲಿ ಇನ್ನೂರೈವತ್ತರಷ್ಟು ವಚನಕಾರರನ್ನು ಬೆಳಕಿಗೆ ತಂದವರು ಹಳಕಟ್ಟಿಯವರೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ.

ವಚನಶಾಸ್ತ್ರಸಾರದ ಮೊದಲ ಭಾಗ ಸಿದ್ಧವಾದಾಗ ಅವರು ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅದು ಅಲ್ಲಿ ಅಚ್ಚಾಗದೆ ಹಿಂದಿರುಗಿತೆಂದು ಅವರ ಜೀವನವನ್ನು ಬರೆದವರು ದಾಖಲಿಸಿದ್ದಾರೆ. ಕಿಟೆಲ್ಲರ ಮಹಾ ನಿಘಂಟನ್ನು 1894ರಲ್ಲಿ ಹೊರತಂದು ಕನ್ನಡಕ್ಕೆ ಅಪಾರ ಸೇವೆ ಸಲ್ಲಿಸಿದ್ದ ಮುದ್ರಣಾಲಯವದು. ಕ್ರೈಸ್ತರಾದ ನಾವು ಆ ಸೇವೆಯನ್ನು ಹೆಮ್ಮೆಯಿಂದ ನೆನೆಯುವಂತೆಯೇ ಈ ಪ್ರಸಂಗವನ್ನೂ ನೆನಪಿನಲ್ಲಿಡಬೇಕು. ನೆರೆಯವರ ಶ್ರದ್ಧೆಯ ಗ್ರಂಥವು ನಮ್ಮ ಬಾಗಿಲಿಗೆ ಬಂದಾಗ ಅದನ್ನು ತೆರೆದ ಮನಸ್ಸಿನಿಂದ ಬರಮಾಡಿಕೊಳ್ಳುವುದು ನಮಗೆ ಶೋಭಿಸುವ ನಡತೆ. ಹಳಕಟ್ಟಿಯವರು ಎದೆಗುಂದಲಿಲ್ಲ. 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಆ ಗ್ರಂಥವು ಅಚ್ಚಾಗಿ ಹೊರಬಂದಿತು. ಎಂಟು ಶತಮಾನಗಳಷ್ಟು ಹಿಂದಿನ ಮಾತುಗಳು ಕನ್ನಡಿಗರ ಕೈಗೆ ಪುಸ್ತಕರೂಪದಲ್ಲಿ ಬಂದವು.

ಪರರ ಮುದ್ರಣಾಲಯವನ್ನು ನಂಬಿ ಕುಳಿತರೆ ಕೆಲಸ ಸಾಗದೆಂದು ಮನಗಂಡ ಅವರು ತಮ್ಮ ಸ್ವಂತ ಮನೆಯನ್ನು ಮಾರಿ, 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷವೇ ಶಿವಾನುಭವ ಪತ್ರಿಕೆ ಆರಂಭವಾಯಿತು. 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯೂ ಹೊರಟಿತು. ಸಂಗ್ರಹಿಸುವವರೂ ತಾವೇ, ಸಂಪಾದಕರೂ ತಾವೇ, ಕರಡು ತಿದ್ದುವವರೂ ತಾವೇ. ಹರಿಹರನ ರಗಳೆಗಳೂ ಅನೇಕ ಶರಣರ ಚರಿತ್ರೆಗಳೂ ಆ ಪತ್ರಿಕೆಯ ಮೂಲಕ ಬೆಳಕು ಕಂಡವು. ಶಿವಾನುಭವವು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಚಂದಾದಾರರು ಕಡಿಮೆ, ಖರ್ಚು ಹೆಚ್ಚು. ವಕೀಲಿಯ ಸಂಪಾದನೆಯು ಕಾಗದಕ್ಕೂ ಮಸಿಗೂ ಸವೆಯಿತು. ಪತ್ನಿ ಭಾಗೀರಥಿಬಾಯಿಯವರೂ ಮಕ್ಕಳೂ ಈ ಬಡತನದಲ್ಲಿ ಪಾಲುಗೊಂಡರು. ಇಂಥ ಮಹಾಕಾರ್ಯಗಳ ಹಿಂದೆ ಮನೆಯವರು ತೆತ್ತ ಬೆಲೆಯನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ನಾಡು ಅವರನ್ನು ಗುರುತಿಸದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1956ರಲ್ಲಿ, ಕರ್ನಾಟಕವು ಒಂದಾದ ವರ್ಷದಲ್ಲಿಯೇ, ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಗೌರವಗಳು ಬಂದರೂ ಅವರ ಬಾಳಿನ ರೀತಿ ಬದಲಾಗಲಿಲ್ಲ. ಬ್ಯಾಂಕು, ವಿದ್ಯಾಸಂಸ್ಥೆಗಳನ್ನು ಕಟ್ಟಿದವರು ಕೊನೆಯವರೆಗೂ ಬಾಡಿಗೆಯ ಮನೆಯಲ್ಲಿಯೇ ಉಳಿದರು. 1964ರ ಜೂನ್ 29ರಂದು, ಎಂಬತ್ತನಾಲ್ಕನೆಯ ಹುಟ್ಟುಹಬ್ಬಕ್ಕೆ ಮೂರು ದಿನಗಳಿರುವಾಗ, ಅವರು ಕಣ್ಣು ಮುಚ್ಚಿದರು.

ಅವರು ನೆಟ್ಟ ಸಸಿ ಇಂದು ಹೆಮ್ಮರವಾಗಿದೆ. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು ಹದಿನೈದು ಭಾಗಗಳಲ್ಲಿ ಪ್ರಕಟಿಸಿತು. ಅವುಗಳಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳಿವೆ. ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಅವರ ಜನ್ಮದಿನವಾದ ಜುಲೈ 2ನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸಲಾಗುತ್ತಿದೆ.

ಆದರೆ ಆಚರಣೆಯಿಂದಷ್ಟೇ ಅವರ ಋಣ ತೀರದು. ಗ್ರಂಥಕ್ಕೆ ಹೂವೇರಿಸಿ ಓದದೆ ಇಟ್ಟ ಕಾಲವನ್ನು ಅವರು ಕೊನೆಗಾಣಿಸಿದರು. ಈಗ ಅವರ ಭಾವಚಿತ್ರಕ್ಕೆ ಹೂವೇರಿಸಿ, ಅವರು ಅಚ್ಚುಮಾಡಿದ ಗ್ರಂಥಗಳನ್ನು ಕಪಾಟಿನಲ್ಲಿ ಮುಚ್ಚಿಟ್ಟರೆ ನಾವು ಹಳೆಯ ಸ್ಥಿತಿಗೇ ಮರಳಿದಂತಾಗುತ್ತದೆ. ನಮ್ಮ ತಾಲೂಕಿನ ಕವಿ, ನಮ್ಮ ಊರಿನ ಕಥೆಗಾರ, ನಮ್ಮ ಹಳ್ಳಿಯ ಇತಿಹಾಸವನ್ನು ಬರೆದ ನಿವೃತ್ತ ಶಿಕ್ಷಕ, ಇಂಥವರ ಪುಸ್ತಕಗಳು ಕೆಲವೇ ನೂರು ಪ್ರತಿಗಳಾಗಿ ಅಚ್ಚಾಗುತ್ತವೆ. ಬಿಡುಗಡೆಯ ದಿನ ಶಾಲು, ಹಾರಗಳೊಡನೆ ಕೈಬದಲಾಗುತ್ತವೆ. ಬಳಿಕ ಅಟ್ಟ ಸೇರುತ್ತವೆ. ದೂರದ ಪ್ರಸಿದ್ಧರನ್ನು ಓದುವ ನಾವು ಬೀದಿಯಾಚೆಯ ಲೇಖಕರ ಹೆಸರನ್ನೂ ಅರಿಯದೆ ಇರುತ್ತೇವೆ.

ಹಾಗಾದರೆ ನಾವು ಮಾಡಬಹುದಾದದ್ದೇನು? ಊರಿನ ಗ್ರಂಥಾಲಯಕ್ಕೆ, ಇಂದು ಅರಿವು ಕೇಂದ್ರವೆನಿಸಿಕೊಂಡಿರುವ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ, ನಮ್ಮ ಸೀಮೆಯವರು ಬರೆದ ಪುಸ್ತಕಗಳನ್ನು ಕೇಳಿ ಪಡೆಯೋಣ. ಇಲ್ಲವಾದರೆ ತರಿಸಲು ಒತ್ತಾಯಿಸೋಣ. ಸ್ಥಳೀಯ ಲೇಖಕರ ಪುಸ್ತಕವನ್ನು ಗೌರವಪ್ರತಿಯಾಗಿ ಬಯಸದೆ ಬೆಲೆ ಕೊಟ್ಟು ಕೊಳ್ಳೋಣ. ನಮ್ಮ ಧರ್ಮಕೇಂದ್ರಗಳ ವಾಚನಾಲಯಗಳಲ್ಲಿ ಧಾರ್ಮಿಕ ಗ್ರಂಥಗಳ ಬದಿಯಲ್ಲಿ ಆಯಾ ಜಿಲ್ಲೆಯ ಲೇಖಕರಿಗೂ ಒಂದು ಕಪಾಟನ್ನು ಮೀಸಲಿಡೋಣ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಕೈಬರಹ, ದಿನಚರಿ, ಹಾಡಿನ ಪುಸ್ತಕ, ಪತ್ರಗಳಿದ್ದರೆ ರದ್ದಿಗೆ ಹಾಕುವ ಮುನ್ನ ಬಲ್ಲವರಿಗೆ ತೋರಿಸೋಣ.

ರಬಕವಿ-ಬನಹಟ್ಟಿಯ ಆ ಮನೆಯವರು ತಮ್ಮಲ್ಲಿದ್ದ ಕಟ್ಟುಗಳನ್ನು ಜತನವಾಗಿ ಕಾಪಾಡಿದ್ದರು. ಬಂದ ಯುವಕನಿಗೆ ತೋರಿಸುವ ಔದಾರ್ಯವೂ ಅವರಿಗಿತ್ತು. ಕಾಪಾಡುವವರು, ತೋರಿಸುವವರು, ಓದುವವರು ಈ ಮೂವರೂ ಕೂಡಿದಾಗಲೇ ಪುಸ್ತಕವು ಬದುಕುತ್ತದೆ. ಈ ಮೂವರಲ್ಲಿ ಒಬ್ಬರಾಗುವ ಅವಕಾಶ ನಮ್ಮಲ್ಲಿ ಪ್ರತಿಯೊಬ್ಬರಿಗೂ ಇದೆ.