ಗಾಲಿಗೆ ಗಾಳಿ ತುಂಬಿದ ಪಶುವೈದ್ಯ



ನಿಮ್ಮ ಬೀದಿಯ ಪಂಕ್ಚರ್ ಅಂಗಡಿಯ ಮುಂದೆ ಎಂದಾದರೂ ನಿಂತು ನೋಡಿದ್ದೀರಾ? ಬೆಂಗಳೂರಿನ ದಕ್ಷಿಣ ಭಾಗದ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್‌ಗಳಲ್ಲಿ ಇಂತಹ ಅಂಗಡಿಗಳು ಬಹಳ. ಒಂದು ಕಡೆ ಸೈಕಲ್ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿರುತ್ತಾರೆ. ನಾಲ್ಕು ಹೆಜ್ಜೆ ಮುಂದೆ, ದೊಡ್ಡ ಅಂಗಡಿಯಲ್ಲಿ, ವೇಗದ ಕಾರೊಂದನ್ನು ಜಾಕ್ ಮೇಲೆ ಎತ್ತಿ ನಿಲ್ಲಿಸಿರುತ್ತಾರೆ. ಕಾರಿನ ಜೊತೆಗೆ ಬಂದ ಚಕ್ರಗಳನ್ನು ಬಿಚ್ಚಿ, ಥಳಥಳ ಹೊಳೆಯುವ ದೊಡ್ಡ ಅಲಾಯ್ ಚಕ್ರಗಳನ್ನು ಜೋಡಿಸುತ್ತಿರುತ್ತಾರೆ.

ಬನಶಂಕರಿಯಲ್ಲಿರುವ ನನ್ನ ಪರಿಚಯದ ಯುವಕರೊಬ್ಬರು ಹೀಗೆಯೇ ತಮ್ಮ ಕಾರಿನ 15 ಇಂಚಿನ ಚಕ್ರ ತೆಗೆಸಿ 17 ಇಂಚಿನದನ್ನು ಹಾಕಿಸಿದರು. ಕಾರು ನೋಡಲು ಬಲು ಚೆಂದವಾಯಿತು. ಮಳೆಗಾಲದ ಒಂದು ರಾತ್ರಿ, ನೀರು ತುಂಬಿ ಕಾಣದಂತಾಗಿದ್ದ ಗುಂಡಿಯೊಳಗೆ ಮುಂದಿನ ಚಕ್ರ ಇಳಿಯಿತು. ಚಕ್ರದ ಅಂಚು ಬಗ್ಗಿತು, ಟೈರಿನ ಪಕ್ಕ ಸೀಳಿತು, ಗಾಳಿ ಪೂರ್ತಿ ಹೋಯಿತು. ಹಿಂದಿನ ಸೀಟಿನಲ್ಲಿ ಅವರ ತಾಯಿ ಮತ್ತು ಪುಟ್ಟ ಮಗಳು ಇದ್ದರು. ಕಾರು ನಿಧಾನವಾಗಿ ಹೋಗುತ್ತಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ.

ಹಳೆಯ ಚಕ್ರ ಇದೇ ರಸ್ತೆಯಲ್ಲಿ ಮೂರು ವರ್ಷ ಓಡಿತ್ತು. ಹೊಸ ಚಕ್ರಕ್ಕೆ ಏನಾಯಿತು? ಇದಕ್ಕೆ ಉತ್ತರ ತಿಳಿಯಬೇಕಾದರೆ ನೂರಾ ಮೂವತ್ತು ವರ್ಷಗಳಿಗೂ ಹಿಂದೆ ಹೋಗಬೇಕು. ದನ, ಕುದುರೆಗಳಿಗೆ ಔಷಧ ಕೊಡುತ್ತಿದ್ದ ಒಬ್ಬ ವೈದ್ಯರನ್ನು ಭೇಟಿಯಾಗಬೇಕು. ಅವರೇ ಜಾನ್ ಬಾಯ್ಡ್ ಡನ್‌ಲಪ್.

ರೈತರ ಮನೆಯ ಹುಡುಗ

ಡನ್‌ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಡ್ರೆಗಾರ್ನ್ ಎಂಬ ಹಳ್ಳಿಯಲ್ಲಿ. ಅವರದು ಬೇಸಾಯದ ಮನೆತನ. ದಿನ ತುಂಬುವ ಮೊದಲೇ ಹುಟ್ಟಿದ್ದರಿಂದ ತಮ್ಮ ದೇಹ ದುರ್ಬಲ ಎಂಬ ಭಾವನೆ ಅವರಿಗೆ ಜೀವನವಿಡೀ ಇತ್ತು. ಆದರೆ ಓದಿನಲ್ಲಿ ಹಿಂದೆ ಬೀಳಲಿಲ್ಲ. ಎಡಿನ್‌ಬರೋ ನಗರದಲ್ಲಿ ಪಶುವೈದ್ಯ ವಿದ್ಯೆ ಕಲಿತು, ಇನ್ನೂ ಇಪ್ಪತ್ತು ತುಂಬುವ ಮೊದಲೇ ವೈದ್ಯರಾದರು.

1867ರಲ್ಲಿ ಅವರು ಸಮುದ್ರ ದಾಟಿ ಐರ್ಲೆಂಡಿಗೆ ಹೋದರು. ಮೊದಲು ಡೌನ್‌ಪ್ಯಾಟ್ರಿಕ್ ಎಂಬ ಊರಿನಲ್ಲಿ, ಆಮೇಲೆ ಬೆಲ್‌ಫಾಸ್ಟ್ ನಗರದಲ್ಲಿ ಚಿಕಿತ್ಸಾಲಯ ನಡೆಸಿದರು. ಆಗ ಗಾಡಿ ಎಳೆಯುವುದೆಲ್ಲ ಕುದುರೆಗಳೇ. ಆದ್ದರಿಂದ ಪಶುವೈದ್ಯರಿಗೆ ಕೈತುಂಬ ಕೆಲಸ. ಕೆಲವೇ ವರ್ಷಗಳಲ್ಲಿ ಡನ್‌ಲಪ್ ಅವರ ಚಿಕಿತ್ಸಾಲಯ ಐರ್ಲೆಂಡಿನ ದೊಡ್ಡ ಚಿಕಿತ್ಸಾಲಯಗಳಲ್ಲಿ ಒಂದಾಯಿತು.

ಕಲ್ಲು ಹಾಸಿನ ಬೀದಿಯಲ್ಲಿ ಕಬ್ಬಿಣದ ಪಟ್ಟಿ ಬಿಗಿದ ಚಕ್ರಗಳು ಗಡಗಡ ಸದ್ದು ಮಾಡುತ್ತಾ ಉರುಳುವುದನ್ನು ಅವರು ದಿನವೂ ಕೇಳುತ್ತಿದ್ದರು. ಚಕ್ರ ಕುಲುಕಿದಷ್ಟೂ ಎಳೆಯುವ ಪ್ರಾಣಿಗೆ ಶ್ರಮ ಹೆಚ್ಚು, ಕುಳಿತವರಿಗೆ ಮೈಕೈ ನೋವು.

ಮಗನ ಮೂರು ಗಾಲಿಯ ಸೈಕಲ್

ಡನ್‌ಲಪ್ ಅವರಿಗೆ ಹತ್ತು ವರ್ಷದ ಆಸುಪಾಸಿನ ಒಬ್ಬ ಮಗನಿದ್ದ. ಅವನ ಬಳಿ ಮೂರು ಗಾಲಿಯ ಸೈಕಲ್ ಇತ್ತು. ಅದರ ಚಕ್ರಗಳಿಗೆ ಇದ್ದದ್ದು ಗಟ್ಟಿ ರಬ್ಬರಿನ ಪಟ್ಟಿ. ಕಲ್ಲಿನ ಬೀದಿಯಲ್ಲಿ ಸೈಕಲ್ ತುಳಿಯುವುದು ಹುಡುಗನಿಗೆ ಬಹಳ ಕಷ್ಟವಾಗುತ್ತಿತ್ತು.

ಕಲ್ಲನ್ನು ಮೆತ್ತಗೆ ಮಾಡಲು ಆಗುವುದಿಲ್ಲ. ಹಾಗಾದರೆ ಚಕ್ರವನ್ನೇ ಮೆತ್ತಗೆ ಮಾಡಬಾರದೇಕೆ? ಡನ್‌ಲಪ್ ಯೋಚಿಸಿದರು. ರಬ್ಬರಿನ ಕೊಳವೆಯಲ್ಲಿ ಗಾಳಿ ತುಂಬಿ ಚಕ್ರದ ಸುತ್ತ ಕಟ್ಟಿದರೆ, ಗಾಳಿಯೇ ಮೆತ್ತೆಯಾಗುವುದಲ್ಲವೇ?

1887ರಲ್ಲಿ ಅವರು ಪ್ರಯೋಗ ಆರಂಭಿಸಿದರು. ಒಂದು ದುಂಡನೆಯ ಮರದ ಹಲಗೆ ತೆಗೆದುಕೊಂಡರು. ತೆಳು ರಬ್ಬರ್ ಹಾಳೆಯಿಂದ ಕೊಳವೆ ಮಾಡಿ ಹಲಗೆಯ ಅಂಚಿಗೆ ಸುತ್ತಿದರು. ಅದರ ಮೇಲೆ ಬಟ್ಟೆ ಹೊದಿಸಿ ಮೊಳೆ ಹೊಡೆದರು. ಆಮೇಲೆ ಫುಟ್‌ಬಾಲ್ ಚೆಂಡಿಗೆ ಗಾಳಿ ತುಂಬುವ ಪಂಪಿನಿಂದ ಆ ಕೊಳವೆಗೆ ಗಾಳಿ ತುಂಬಿದರು.

ಈಗ ಪರೀಕ್ಷೆ. ಮನೆಯ ಅಂಗಳದಲ್ಲಿ ಮೊದಲು ಸೈಕಲ್ಲಿನ ಗಟ್ಟಿ ಚಕ್ರವನ್ನು ಉರುಳಿಸಿಬಿಟ್ಟರು. ಅದು ಸ್ವಲ್ಪ ದೂರ ಹೋಗಿ ಬಿದ್ದುಬಿಟ್ಟಿತು. ಆಮೇಲೆ ಗಾಳಿಯ ಚಕ್ರವನ್ನು ಉರುಳಿಸಿದರು. ಅದು ಅಂಗಳದ ಕೊನೆಯವರೆಗೂ ಉರುಳಿ, ಗೇಟಿನ ಕಂಬಕ್ಕೆ ಬಡಿದು, ಹಿಂದಕ್ಕೆ ಪುಟಿಯಿತು!

ಹೀಗೇಕಾಯಿತು ಎಂದು ಯೋಚಿಸಿ. ಗಟ್ಟಿ ಚಕ್ರ ಪ್ರತಿ ಕಲ್ಲಿನ ಮೇಲೂ ಹತ್ತಿ ಇಳಿಯಬೇಕು. ಅದರ ಶಕ್ತಿಯೆಲ್ಲ ಆ ಕುಲುಕಾಟದಲ್ಲೇ ಹೋಗುತ್ತದೆ. ಗಾಳಿಯ ಚಕ್ರ ಹಾಗಲ್ಲ. ಕಲ್ಲು ತಗುಲಿದ ಜಾಗದಲ್ಲಿ ಮಾತ್ರ ಒಳಕ್ಕೆ ತಗ್ಗುತ್ತದೆ, ಕಲ್ಲು ದಾಟಿದ ಕೂಡಲೇ ಮೊದಲಿನಂತಾಗುತ್ತದೆ. ಚಕ್ರ ಮೇಲೆ ಕೆಳಗೆ ಹಾರದೆ ಮುಂದಕ್ಕೆ ಸಾಗುತ್ತದೆ.

ನಕ್ಕವರು ಬೆರಗಾದರು

ಡನ್‌ಲಪ್ 1888ರಲ್ಲಿ ತಮ್ಮ ಟೈರಿಗೆ ಹಕ್ಕುಪತ್ರ, ಅಂದರೆ ಪೇಟೆಂಟ್ ಪಡೆದರು. ಆದರೆ ಜನ ಸುಲಭವಾಗಿ ನಂಬಲಿಲ್ಲ. ದಪ್ಪನೆಯ ಟೈರು ಕಂಡು ನಕ್ಕರು. ಬೆಲ್‌ಫಾಸ್ಟಿನ ಸೈಕಲ್ ಸವಾರ ವಿಲ್ಲಿ ಹ್ಯೂಮ್ ಮಾತ್ರ ಧೈರ್ಯ ಮಾಡಿ ತಮ್ಮ ಸೈಕಲ್ಲಿಗೆ ಈ ಟೈರು ಹಾಕಿಸಿಕೊಂಡರು.

1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಮೈದಾನದಲ್ಲಿ ಸೈಕಲ್ ಪಂದ್ಯ ನಡೆಯಿತು. ಹ್ಯೂಮ್ ತಾವು ಭಾಗವಹಿಸಿದ ನಾಲ್ಕೂ ಸ್ಪರ್ಧೆಗಳಲ್ಲಿ ಮೊದಲಿಗರಾದರು. ಆಮೇಲೆ ಯಾರೂ ನಗಲಿಲ್ಲ. ಅದೇ ವರ್ಷ ಡಬ್ಲಿನ್ ನಗರದಲ್ಲಿ ವ್ಯಾಪಾರಿ ಹಾರ್ವೆ ಡು ಕ್ರೋ ಅವರ ಮುಂದಾಳತ್ವದಲ್ಲಿ ಟೈರು ತಯಾರಿಸುವ ಕಂಪನಿ ಹುಟ್ಟಿತು. ಡನ್‌ಲಪ್ ತಮ್ಮ ಪೇಟೆಂಟನ್ನು ಅದಕ್ಕೆ ಒಪ್ಪಿಸಿದರು.

ಮೊದಲೇ ಯೋಚಿಸಿದ್ದ ಇನ್ನೊಬ್ಬರು

ಆಗ ಒಂದು ಸಿಡಿಲಿನಂಥ ಸುದ್ದಿ ಬಂತು. ಡನ್‌ಲಪ್ ಅವರ ಪೇಟೆಂಟ್ ಊರ್ಜಿತವಲ್ಲ ಎಂದು ತಿಳಿಸಲಾಯಿತು. ಕಾರಣ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವರು 1845ರಲ್ಲೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದಿದ್ದರು! ಆಗ ಅವರಿಗೆ ಕೇವಲ 23 ವರ್ಷ. ಕುದುರೆ ಗಾಡಿಗೆ ಅಂತಹ ಚಕ್ರ ಹಾಕಿ ಓಡಿಸಿಯೂ ತೋರಿಸಿದ್ದರು. ಆದರೆ ಆಗ ರಬ್ಬರಿನ ಬೆಲೆ ದುಬಾರಿ. ಸೈಕಲ್ಲೂ ಇರಲಿಲ್ಲ, ಕಾರೂ ಇರಲಿಲ್ಲ. ಜನ ಅದನ್ನು ಮರೆತೇಬಿಟ್ಟರು. ಥಾಮ್ಸನ್ 1873ರಲ್ಲಿ ತೀರಿಕೊಂಡರು. ಡನ್‌ಲಪ್ ಅವರಿಗೆ ಇದಾವುದೂ ಗೊತ್ತಿರಲಿಲ್ಲ.

ಕಂಪನಿ ಟೈರನ್ನು ಚಕ್ರಕ್ಕೆ ಬಿಗಿಯುವ ಮತ್ತು ಬಿಚ್ಚುವ ವಿಧಾನಗಳ ಬೇರೆ ಪೇಟೆಂಟ್‌ಗಳನ್ನು ಕೊಂಡು ಉಳಿದುಕೊಂಡಿತು. ಆದರೆ ಡನ್‌ಲಪ್ 1895ರಲ್ಲಿ ಅದರಿಂದ ಹೊರಬಂದರು. ಮರುವರ್ಷವೇ ಆ ಕಂಪನಿ 30 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಆ ಸಂಪತ್ತಿನಲ್ಲಿ ಡನ್‌ಲಪ್ ಅವರಿಗೆ ಪಾಲಿರಲಿಲ್ಲ. ಅವರ ಹೆಸರು ಲೋಕವೆಲ್ಲ ಸುತ್ತಿತು. ಅವರು ಮಾತ್ರ ಡಬ್ಲಿನ್ನಿನಲ್ಲಿ ಜವಳಿ ವ್ಯಾಪಾರದಲ್ಲಿ ತೊಡಗಿ ಸರಳವಾಗಿ ಬದುಕಿದರು. 1921ರ ಅಕ್ಟೋಬರ್ 23ರಂದು ಅಲ್ಲಿಯೇ ನಿಧನರಾದರು.

ಹಾಗಾದರೆ ಟೈರಿನ ಜನಕ ಯಾರು? ಥಾಮ್ಸನ್ ಮೊದಲು ಯೋಚಿಸಿದರು. ಡನ್‌ಲಪ್ ತಾವಾಗಿಯೇ ಯೋಚಿಸಿ, ಅದನ್ನು ಜನರ ಬಳಕೆಗೆ ತಂದರು. ವಿಜ್ಞಾನದಲ್ಲಿ ಇಬ್ಬರಿಗೂ ಗೌರವ ಸಲ್ಲಬೇಕು.

ಸೈಕಲ್ಲಿನಿಂದ ಕಾರಿಗೆ

1895ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಹೋದರರು ಪ್ಯಾರಿಸ್ಸಿನಿಂದ ಬೋರ್ಡೋಗೆ ಹೋಗಿ ಹಿಂತಿರುಗುವ ಕಾರಿನ ಸ್ಪರ್ಧೆಯಲ್ಲಿ ಗಾಳಿಯ ಟೈರು ಬಳಸಿದರು. ದಾರಿಯುದ್ದಕ್ಕೂ ಮತ್ತೆ ಮತ್ತೆ ಪಂಕ್ಚರ್! ಆದರೂ ಗಾಳಿಯ ಮೇಲೆ ಕಾರು ಓಡಬಲ್ಲದು ಎಂಬುದು ಸಾಬೀತಾಯಿತು. ನಮ್ಮ ದೇಶದಲ್ಲಿ 1936ರಲ್ಲಿ ಬಂಗಾಳದ ಸಹಾಗಂಜ್‌ನಲ್ಲಿ ಡನ್‌ಲಪ್ ಹೆಸರಿನ ಟೈರ್ ಕಾರ್ಖಾನೆ ಆರಂಭವಾಯಿತು. ನಮ್ಮ ಮೈಸೂರಿನ ವಿಕ್ರಾಂತ್ ಟೈರುಗಳ ಹೆಸರನ್ನು ನಿಮ್ಮ ಮನೆಯ ಹಿರಿಯರು ಕೇಳಿಯೇ ಇರುತ್ತಾರೆ.

ಗಾಳಿ ಹೊರುವ ಭಾರ

ಈಗ ಬನಶಂಕರಿಯ ಕಾರಿಗೆ ಮರಳೋಣ. ಕಾರಿನ ತೂಕ ಹೊರುವವರು ಯಾರು? ರಬ್ಬರ್ ಎಂದಿರಾ? ಬಹುಪಾಲು ಹೊರುವುದು ಒಳಗಿನ ಗಾಳಿ! ಒಂದು ಲೆಕ್ಕ ಮಾಡೋಣ. ಕಾರಿನ ತೂಕ 1000 ಕೆ.ಜಿ. ಎಂದುಕೊಳ್ಳಿ. ಒಂದೊಂದು ಚಕ್ರಕ್ಕೆ 250 ಕೆ.ಜಿ. ಗಾಳಿ ತುಂಬುವ ಮೀಟರಿನಲ್ಲಿ 32 ಎಂದು ತೋರಿಸಿದರೆ, ಒಳಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕೆ.ಜಿ.ಯಷ್ಟು ಒತ್ತುತ್ತಿದೆ ಎಂದರ್ಥ. 250ನ್ನು 2.25ರಿಂದ ಭಾಗಿಸಿ. ಸುಮಾರು 111 ಬಂತಲ್ಲವೇ? ಅಂದರೆ ಟೈರು ನೆಲ ಮುಟ್ಟುವುದು ಸುಮಾರು 111 ಚದರ ಸೆಂಟಿಮೀಟರ್, ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಎಷ್ಟೇ ವೇಗದ ಕಾರಾದರೂ ಓಡುವುದು, ತಿರುಗುವುದು, ಬ್ರೇಕ್ ಹಾಕಿದಾಗ ನಿಲ್ಲುವುದು ನಾಲ್ಕು ಅಂಗೈಗಳ ಮೇಲೆ!

ಟೈರಿನ ಪಕ್ಕದಲ್ಲಿ 185/65 R 15 88H ಎಂದು ಬರೆದಿದೆ ಎಂದುಕೊಳ್ಳಿ. 185 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಟೈರಿನ ಪಕ್ಕದ ಎತ್ತರ ಅಗಲದ ಶೇಕಡ 65ರಷ್ಟು. R ಎಂದರೆ ರೇಡಿಯಲ್, ಒಳಗಿನ ದಾರಗಳನ್ನು ಜೋಡಿಸುವ ಒಂದು ಬಗೆ. 15 ಎಂದರೆ ಚಕ್ರದ ಅಡ್ಡಳತೆ, ಇಂಚಿನಲ್ಲಿ. 88 ಎಂಬುದು ಆ ಟೈರು 560 ಕೆ.ಜಿ.ವರೆಗೆ ಹೊರಬಲ್ಲದು ಎಂಬ ಗುರುತು. H ಎಂಬುದು ಗಂಟೆಗೆ 210 ಕಿ.ಮೀ. ವೇಗದ ಮಿತಿ.

ಇದರ ಪಕ್ಕದ ಎತ್ತರ ಎಷ್ಟು? 185ರ ಶೇಕಡ 65, ಅಂದರೆ ಸುಮಾರು 120 ಮಿ.ಮೀ. ಯುವಕರು ಹಾಕಿಸಿದ್ದು 205/45 R 17. ಅದರ ಪಕ್ಕದ ಎತ್ತರ ಸುಮಾರು 92 ಮಿ.ಮೀ. ಮಾತ್ರ. ಹೊರಗಿನಿಂದ ಅಳೆದರೆ ಎರಡೂ ಸುಮಾರು 62 ಸೆಂ.ಮೀ. ಎತ್ತರವೇ. ಆದ್ದರಿಂದ ವೇಗ ತೋರಿಸುವ ಮುಳ್ಳು ಹೆಚ್ಚು ತಪ್ಪು ಹೇಳುವುದಿಲ್ಲ. ಆದರೆ ಒಳಗೆ ಲೋಹ ಹೆಚ್ಚಿತು, ಗಾಳಿಯ ಮೆತ್ತೆ ತೆಳುವಾಯಿತು! ಗುಂಡಿಯ ಅಂಚು ಮೆತ್ತೆಯನ್ನು ಪೂರ್ತಿ ಅದುಮಿ ಲೋಹಕ್ಕೇ ಬಡಿಯಿತು. ಡನ್‌ಲಪ್ ಗಟ್ಟಿ ಚಕ್ರದಿಂದ ದೂರ ಹೋಗಲು ಶ್ರಮಿಸಿದರು. ನಾವು ಅಂದಕ್ಕಾಗಿ ಮತ್ತೆ ಗಟ್ಟಿ ಚಕ್ರದ ಹತ್ತಿರ ಹೋಗುತ್ತಿದ್ದೇವೆ, ಅಲ್ಲವೇ?

ಹಾಗೆಂದು ಗಿಡ್ಡ ಟೈರು ಕೆಟ್ಟದ್ದೇನಲ್ಲ. ಅದರ ಪಕ್ಕ ಕಡಿಮೆ ಬಳುಕುತ್ತದೆ. ಆದ್ದರಿಂದ ನುಣುಪಾದ ರಸ್ತೆಯಲ್ಲಿ ತಿರುವು ತೆಗೆದುಕೊಳ್ಳುವಾಗ ಕಾರು ಚುರುಕಾಗಿ ಮಾತು ಕೇಳುತ್ತದೆ. ಪಂದ್ಯದ ಅಂಕಣಕ್ಕೆ ಅದು ಸರಿ. ದಿನವೂ ರಸ್ತೆ ಉಬ್ಬು, ಗುಂಡಿ, ಮಳೆನೀರು ದಾಟುವ ಕಾರಿಗೆ ಮೆತ್ತೆ ಬೇಕು. ಮೃದು ರಬ್ಬರಿನ ಟೈರು ರಸ್ತೆಯನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಟೈರಿನ ಮೇಲಿನ ಗೀರುಗಳು ಮಳೆನೀರನ್ನು ಹೊರಹಾಕುತ್ತವೆ. ಕಾರಿನ ಟೈರಿನಲ್ಲಿ ಅವುಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು ಎಂಬ ನಿಯಮವಿದೆ.

ಆ ಯುವಕರು ಈಗ 195/55 R 16 ಟೈರು ಹಾಕಿಸಿದ್ದಾರೆ. ಪಕ್ಕದ ಎತ್ತರ ಸುಮಾರು 107 ಮಿ.ಮೀ. ಹೊರಗಿನ ಎತ್ತರ ಮೊದಲಿನಷ್ಟೇ. ಈ ಸಲ ಬಣ್ಣ ನೋಡುವ ಮೊದಲು ಕಾರಿನ ಕೈಪಿಡಿ ನೋಡಿದರು. ಭಾರದ ಗುರುತು ಮೊದಲಿಗಿಂತ ಕಡಿಮೆಯಾಗದಂತೆ, ಬೋಲ್ಟಿನ ತೂತುಗಳು ಸರಿಹೊಂದುವಂತೆ, ಚಕ್ರ ತಿರುಗಿಸಿದಾಗ ಟೈರು ಎಲ್ಲಿಯೂ ಉಜ್ಜದಂತೆ ಆರಿಸಿದರು. ತಿಂಗಳಿಗೆ ಎರಡು ಬಾರಿ ಗಾಳಿಯನ್ನೂ ಪರೀಕ್ಷಿಸುತ್ತಾರೆ.

ಮಾಡಿ ನೋಡಿ

ಸೈಕಲ್ಲಿನ ಹಿಂದಿನ ಟೈರಿಗೆ ಗಾಳಿ ಪೂರ್ತಿ ತುಂಬಿ, ನೀರಿನಿಂದ ಒದ್ದೆ ಮಾಡಿ. ಹಳೆಯ ಪತ್ರಿಕೆಯ ಮೇಲೆ ಚಕ್ರ ನಿಲ್ಲಿಸಿ, ಗೆಳೆಯರೊಬ್ಬರು ಸೈಕಲ್ ಹಿಡಿದಿರುವಾಗ ಸೀಟಿನ ಮೇಲೆ ಕುಳಿತು ಇಳಿಯಿರಿ. ಒದ್ದೆ ಗುರುತಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಸ್ವಲ್ಪ ಗಾಳಿ ಬಿಟ್ಟು ಮತ್ತೆ ಹಾಗೆಯೇ ಮಾಡಿ. ಯಾವ ಗುರುತು ದೊಡ್ಡದು? ಏಕೆ? ಮೇಲಿನ ಲೆಕ್ಕ ನೆನಪಿಸಿಕೊಂಡು ಉತ್ತರ ಬರೆಯಿರಿ, ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ಸೈಕಲ್ ಏರಿ ಹೊರಡುವ ಮೊದಲು ಮತ್ತೆ ಪೂರ್ತಿ ಗಾಳಿ ತುಂಬಲು ಮಾತ್ರ ಮರೆಯಬೇಡಿ!