ಗಾಜಿನ ಅರಮನೆ ಕಟ್ಟಿದ ತೋಟಗಾರ

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ಕಂಡವರಿಗೆ ಗಾಜಿನ ಮನೆಯನ್ನು ಪರಿಚಯಿಸಬೇಕಿಲ್ಲ. 1889ರಲ್ಲಿ ಶಂಕುಸ್ಥಾಪನೆಗೊಂಡ ಈ ಕಟ್ಟಡಕ್ಕೆ ಪ್ರೇರಣೆಯಾದುದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಮೊದಲ ವಿಶ್ವ ಮೇಳಕ್ಕಾಗಿ ಅದನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ವಾಸ್ತುಶಿಲ್ಪವನ್ನು ಶಾಸ್ತ್ರೀಯವಾಗಿ ಕಲಿತವರಲ್ಲ, ವೃತ್ತಿಯಿಂದ ತೋಟಗಾರರು.

ಪ್ಯಾಕ್ಸ್‌ಟನ್ ಜನಿಸಿದ್ದು 1803ರ ಆಗಸ್ಟ್ 3ರಂದು, ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಕೃಷಿ ಕುಟುಂಬವೊಂದರಲ್ಲಿ. ಎಳೆಯ ವಯಸ್ಸಿನಲ್ಲೇ ತೋಟದ ಕೆಲಸಕ್ಕೆ ಸೇರಿದ ಅವರು ಚಿಸ್ವಿಕ್ ಉದ್ಯಾನದಲ್ಲಿ ದುಡಿಯುತ್ತಿದ್ದಾಗ ಡೆವನ್‌ಶೈರ್‌ನ ಡ್ಯೂಕ್‌ನ ಗಮನ ಸೆಳೆದರು. 1826ರಲ್ಲಿ, 22ರ ಹರೆಯದಲ್ಲಿಯೇ, ಡ್ಯೂಕ್‌ನ ಚಾಟ್ಸ್‌ವರ್ತ್ ಎಸ್ಟೇಟಿನ ಮುಖ್ಯ ತೋಟಗಾರರಾದರು.

ಭಾರತದ ಆರ್ಕಿಡ್‌ಗಳನ್ನು ತರಲು 1835ರಲ್ಲಿ ಅಲ್ಲಿಂದ ಜಾನ್ ಗಿಬ್ಸನ್ ಎಂಬ ತೋಟಗಾರನನ್ನು ಕಳುಹಿಸಲಾಯಿತು. ಇಂಥ ಉಷ್ಣವಲಯದ ಸಸ್ಯಗಳನ್ನು ಇಂಗ್ಲೆಂಡಿನ ಚಳಿಯಿಂದ ಕಾಪಾಡಲು ಪ್ಯಾಕ್ಸ್‌ಟನ್ ಗಾಜು, ಮರ ಮತ್ತು ಕಬ್ಬಿಣದ ಸಸ್ಯಾಗಾರಗಳನ್ನು ನಿರ್ಮಿಸುತ್ತಾ ಹೋದರು. 1849ರಲ್ಲಿ ದಕ್ಷಿಣ ಅಮೆರಿಕದ ದೈತ್ಯ ನೈದಿಲೆಯನ್ನು ಅರಳಿಸಿದರು. ಅದರ ಎಲೆಯ ಮೇಲೆ ಮಗಳನ್ನು ನಿಲ್ಲಿಸಿದರೂ ಎಲೆ ಮುಳುಗಲಿಲ್ಲ. ತೆಳುವಾದ ಎಲೆಗೆ ಅಡಿಯಲ್ಲಿನ ನರಗಳ ಹೆಣಿಗೆಯೇ ಬಲವೆಂಬುದು ಅವರಿಗೆ ಮನದಟ್ಟಾಯಿತು.

ಇತ್ತ ಲಂಡನ್ನಿನಲ್ಲಿ 1851ರ ಮೇಳದ ಸಿದ್ಧತೆ ಬಿಕ್ಕಟ್ಟಿಗೆ ಸಿಲುಕಿತ್ತು. ಸಲ್ಲಿಕೆಯಾಗಿದ್ದ 245 ವಿನ್ಯಾಸಗಳಲ್ಲಿ ಒಂದೂ ಸಮಿತಿಗೆ ಒಪ್ಪಿಗೆಯಾಗಲಿಲ್ಲ. ಸಮಿತಿಯೇ ಸಿದ್ಧಪಡಿಸಿದ ಇಟ್ಟಿಗೆಯ ಬೃಹತ್ ಕಟ್ಟಡದ ಯೋಜನೆ ತೀವ್ರ ಟೀಕೆಗೆ ಗುರಿಯಾಯಿತು. ಹೈಡ್ ಪಾರ್ಕ್‌ನ ಮರಗಳನ್ನು ಉಳಿಸಬೇಕು, ಮೇಳ ಮುಗಿದೊಡನೆ ಜಾಗ ತೆರವಾಗಬೇಕು ಎಂಬ ಒತ್ತಡ ಬೇರೆ. ಉದ್ಘಾಟನೆಗೆ ಉಳಿದಿದ್ದುದು ಒಂದು ವರ್ಷಕ್ಕಿಂತ ಕಡಿಮೆ ಅವಧಿ.

1850ರ ಜೂನ್‌ನಲ್ಲಿ ರೈಲ್ವೆ ಮಂಡಳಿಯ ಸಭೆಯೊಂದರಲ್ಲಿ ಕುಳಿತಿದ್ದ ಪ್ಯಾಕ್ಸ್‌ಟನ್, ಮುಂದಿದ್ದ ಒತ್ತುಕಾಗದದ ಮೇಲೆಯೇ ಕಟ್ಟಡದ ರೇಖಾಚಿತ್ರ ಬಿಡಿಸಿದರು. ಒಂದೇ ಅಳತೆಯ ಗಾಜಿನ ಹಲಗೆ, ಕಂಬ, ತೊಲೆಗಳನ್ನು ಕಾರ್ಖಾನೆಯಲ್ಲಿ ತಯಾರಿಸಿ ಸ್ಥಳದಲ್ಲಿ ಜೋಡಿಸುವುದು ಅವರ ಉಪಾಯ. ಏರಿಳಿತದ ಚಾವಣಿಯ ಮೇಲೆ ಬಿದ್ದ ಮಳೆನೀರು ಪೊಳ್ಳು ಕಬ್ಬಿಣದ ಕಂಬಗಳೊಳಗೇ ಇಳಿದುಹೋಗುವ ವ್ಯವಸ್ಥೆಯಿತ್ತು. ಎತ್ತರದ ಎಲ್ಮ್ ಮರಗಳನ್ನು ಕಡಿಯದೆ ಅವುಗಳ ಮೇಲೆ ಕಮಾನು ಎತ್ತಲಾಯಿತು. ಸುಮಾರು 563 ಮೀಟರ್ ಉದ್ದದ ಈ ಅರಮನೆ 1851ರ ಮೇ 1ರಂದು ನಿಗದಿಯಂತೆ ಬಾಗಿಲು ತೆರೆಯಿತು.

ಅನೇಕ ದೇಶಗಳ ಪ್ರದರ್ಶನಗಳು ಒಂದೇ ಸೂರಿನಡಿ ಸೇರಿದವು. ಪಂಜಾಬ್ ಬ್ರಿಟಿಷರ ಪಾಲಾದಾಗ ಕೈತಪ್ಪಿದ ಕೊಹಿನೂರ್ ವಜ್ರವೂ ಅಲ್ಲಿತ್ತು. 60 ಲಕ್ಷಕ್ಕೂ ಅಧಿಕ ಭೇಟಿಗಳು ದಾಖಲಾದವು. ಪ್ರತಿ ದೇಶವೂ ತನ್ನದೇ ಪೆವಿಲಿಯನ್ ಕಟ್ಟಿ ಹೊಸತನ ಮೆರೆಯುವ ಪರಿಪಾಠ ನಂತರದ ಮೇಳಗಳಲ್ಲಿ ಬೆಳೆಯಿತು. ಕೆಲ ತಿಂಗಳ ಮೇಳಕ್ಕೆ ಬೇಗ ಕಟ್ಟಿ, ಬೇಗ ಬಿಚ್ಚುವ ಕ್ರಮಕ್ಕೆ ಪ್ಯಾಕ್ಸ್‌ಟನ್ ಮೊದಲೇ ದಾರಿ ತೋರಿದ್ದರು.

ಅದೇ ವರ್ಷ ಅವರಿಗೆ ಸರ್ ಪದವಿ ಸಂದಿತು. 1854ರಲ್ಲಿ ಕವೆಂಟ್ರಿಯಿಂದ ಸಂಸತ್ತಿಗೆ ಆಯ್ಕೆಯಾದ ಅವರು 1865ರ ಜೂನ್ 8ರಂದು ನಿಧನರಾದರು. ಬಿಚ್ಚಿ ಸಿಡೆನ್‌ಹ್ಯಾಮ್‌ಗೆ ಸಾಗಿಸಿ, ಹಿಗ್ಗಿಸಿ ಮರುನಿರ್ಮಿಸಿದ್ದ ಅರಮನೆ 1936ರ ನವೆಂಬರ್ 30ರಂದು ಬೆಂಕಿಗೆ ಆಹುತಿಯಾಯಿತು.

ಲಾಲ್‌ಬಾಗ್‌ನ ಗಾಜಿನ ಮನೆ ತಲೆಯೆತ್ತಿದ್ದು ಜೇಮ್ಸ್ ಕ್ಯಾಮರೂನ್ ಉದ್ಯಾನದ ಸೂಪರಿಂಟೆಂಡೆಂಟ್ ಆಗಿದ್ದಾಗ. ಅದರ ಕಬ್ಬಿಣದ ಭಾಗಗಳನ್ನು ಗ್ಲಾಸ್ಗೋದಲ್ಲಿ ಎರಕ ಹೊಯ್ದು, ಹಡಗಿನಲ್ಲಿ ತಂದು ಇಲ್ಲಿ ಜೋಡಿಸಲಾಯಿತು. ತುಮಕೂರು, ದಾವಣಗೆರೆಗಳಲ್ಲಿಯೂ ಈಗ ಗಾಜಿನ ಮನೆಗಳಿವೆ. ಲಂಡನ್ನಿನ ಮೂಲ ಕಟ್ಟಡ ಅಳಿದರೂ, ತೋಟಗಾರನ ಉಪಾಯ ಕನ್ನಡ ನಾಡಿನಲ್ಲಿ ಇಂದಿಗೂ ಹೂವುಗಳಿಗೆ ನೆರಳಾಗಿದೆ.