ಬಾಲ್ತಜಾರ್ ಸೊಲ್ವಿನ್ಸ್ (1760–1824): ಜೀವನ ಪರಿಚಯ

ಭಾರತದ ಜನಸಾಮಾನ್ಯರ ಬದುಕನ್ನು ಅಚ್ಚಿನ ಚಿತ್ರಗಳ ಮೂಲಕ ಯುರೋಪಿಗೆ ಪರಿಚಯಿಸಿದ ಕಲಾವಿದರಲ್ಲಿ ಫ್ರಾಂಸ್ವಾ ಬಾಲ್ತಜಾರ್ ಸೊಲ್ವಿನ್ಸ್ ಅವರು ಪ್ರಮುಖರು. ಇವರು ಇಂದಿನ ಬೆಲ್ಜಿಯಂ ದೇಶದ ಆಂಟ್ವರ್ಪ್ ನಗರದ ವರ್ತಕ ಮನೆತನವೊಂದರಲ್ಲಿ 1760ರಲ್ಲಿ ಜನಿಸಿದರು. ಆರಂಭದಲ್ಲಿ ಹಡಗು ಮತ್ತು ಬಂದರುಗಳ ಚಿತ್ರಕಾರರಾಗಿದ್ದರು.

1791ರಲ್ಲಿ ಕಲ್ಕತ್ತೆಗೆ ಬಂದ ಸೊಲ್ವಿನ್ಸ್ ಅವರು ಜೀವನೋಪಾಯಕ್ಕಾಗಿ ಸಾರೋಟು ಹಾಗೂ ಪಲ್ಲಕ್ಕಿಗಳಿಗೆ ಬಣ್ಣದ ಅಲಂಕಾರ ಮಾಡುತ್ತಿದ್ದರು. ವಿಲಿಯಂ ಜೋನ್ಸ್ ಅವರು 1784ರಲ್ಲಿ ಸ್ಥಾಪಿಸಿದ ಏಷ್ಯಾಟಿಕ್ ಸೊಸೈಟಿಯಿಂದಾಗಿ ಆ ನಗರದಲ್ಲಿ ಪೌರ್ವಾತ್ಯ ಅಧ್ಯಯನವು ಬೇರೂರಿದ್ದ ಕಾಲವದು. ವಿದ್ವಾಂಸರು ಗ್ರಂಥಗಳಲ್ಲಿ ಭಾರತವನ್ನು ಅರಸುತ್ತಿದ್ದರೆ, ಸೊಲ್ವಿನ್ಸ್ ಅವರು ಬೀದಿಯಲ್ಲಿ ಕಂಡ ಜನರನ್ನು ಬರೆಯಲು ಮುಂದಾದರು. 250 ಬಣ್ಣದ ಚಿತ್ರಗಳ ಸಂಪುಟದ ಯೋಜನೆಯನ್ನು 1794ರಲ್ಲಿ ಪ್ರಕಟಿಸಿ, ಚಂದಾದಾರರನ್ನು ಆಹ್ವಾನಿಸಿದರು. ಅಂದಿನ ದುಬಾರಿ ಚಿತ್ರಸಂಪುಟಗಳು ಬಹುಮಟ್ಟಿಗೆ ಚಂದಾದಾರರನ್ನೇ ಅವಲಂಬಿಸಿ ಹೊರಬರುತ್ತಿದ್ದವು.

ಮೇಣ ಲೇಪಿಸಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೆರೆ ಎಳೆದು, ಆ ಗೆರೆಗಳನ್ನು ಆಮ್ಲದಿಂದ ಕೊರೆಯಿಸಿ, ಶಾಯಿ ತುಂಬಿ ಅಚ್ಚೊತ್ತುವ ಎಚ್ಚಿಂಗ್ ವಿಧಾನವನ್ನು ಇವರು ಬಳಸಿದರು. ಸಂಪುಟವು 1796ರಿಂದ 1799ರ ಅವಧಿಯಲ್ಲಿ ಕಲ್ಕತ್ತೆಯಲ್ಲಿಯೇ ಹೊರಬಂದಿತು. ಕುಶಲಕರ್ಮಿಗಳು, ಮನೆಯಾಳುಗಳು, ಫಕೀರರು, ದೋಣಿಗಳು, ವಾದ್ಯಗಾರರು ಅದರಲ್ಲಿ ಸ್ಥಾನ ಪಡೆದರು. ಆದರೆ ಪ್ರತಿಯೊಬ್ಬರನ್ನೂ ಹೆಸರಿಲ್ಲದ ಜಾತಿ ಅಥವಾ ಕಸುಬಿನ ಮಾದರಿಯಾಗಿ ತೋರಿಸಿ, ಜಾತಿಗಳನ್ನು ಮೇಲುಕೀಳಿನ ಕ್ರಮದಲ್ಲಿ ಜೋಡಿಸಲಾಗಿತ್ತು. ಅಂದಿನ ಯುರೋಪಿಯನ್ ದೃಷ್ಟಿಯ ಈ ಮಿತಿಯನ್ನು ಸೊಲ್ವಿನ್ಸ್ ಅವರೂ ಮೀರಲಿಲ್ಲ.

ಸಂಪುಟವು ಆರ್ಥಿಕವಾಗಿ ವಿಫಲವಾಯಿತು. ಕೊಳ್ಳುವವರು ಹೆಚ್ಚಾಗಿ ಯುರೋಪಿಯನ್ನರೇ ಆಗಿದ್ದರು; ಥಾಮಸ್ ಮತ್ತು ವಿಲಿಯಂ ಡೇನಿಯಲ್ ಅವರ ದೇವಾಲಯ, ಕೋಟೆ, ನದಿತೀರಗಳ ರಮ್ಯ ಚಿತ್ರಗಳು ಅವರ ಅಭಿರುಚಿಗೆ ಒಪ್ಪುತ್ತಿದ್ದವು. ಸೊಲ್ವಿನ್ಸ್ ಅವರ ಮಂಕು ಬಣ್ಣಗಳು ಮತ್ತು ಒರಟು ಗೆರೆಗಳು ಅವರಿಗೆ ಹಿಡಿಸಲಿಲ್ಲ. 1803ರಲ್ಲಿ ಇವರು ಭಾರತವನ್ನು ಬಿಟ್ಟರು. ಅದರ ಬೆನ್ನಲ್ಲೇ ಲಂಡನ್ನಿನ ಪ್ರಕಾಶಕ ಎಡ್ವರ್ಡ್ ಓರ್ಮ್, ಇವರ ಅನುಮತಿ ಇಲ್ಲದೆಯೇ 60 ಚಿತ್ರಗಳನ್ನು ಆಯ್ದು, ಆಕೃತಿಗಳನ್ನು ಅಂದಗೊಳಿಸಿ, ಹೊಳೆಯುವ ಬಣ್ಣ ತುಂಬಿ ಪ್ರಕಟಿಸಿದನು. ಆ ಪುಸ್ತಕವು ಚೆನ್ನಾಗಿ ಮಾರಾಟವಾಯಿತು.

ಸೊಲ್ವಿನ್ಸ್ ಅವರು ಎದೆಗುಂದದೆ, ಪ್ಯಾರಿಸ್‌ನಲ್ಲಿ ಪತ್ನಿಯ ಹಣವನ್ನೂ ತೊಡಗಿಸಿ, ಹೊಸದಾಗಿ ತಗಡುಗಳನ್ನು ಸಿದ್ಧಪಡಿಸಿದರು. 288 ಚಿತ್ರಗಳು ಹಾಗೂ ಫ್ರೆಂಚ್ ಮತ್ತು ಇಂಗ್ಲಿಷ್ ವಿವರಣೆಗಳಿದ್ದ ‘ಲೆ ಹಿಂದೂ’ ಗ್ರಂಥವು 1808ರಿಂದ 1812ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟವಾಯಿತು. ನೆಪೋಲಿಯನ್ ಯುದ್ಧಗಳ ಆ ದಿನಗಳಲ್ಲಿ ಇಷ್ಟು ಬೆಲೆಬಾಳುವ ಗ್ರಂಥಕ್ಕೆ ಸಾಕಷ್ಟು ಗ್ರಾಹಕರು ದೊರೆಯದೆ ಮತ್ತೊಮ್ಮೆ ನಷ್ಟವಾಯಿತು. ಅಂದು ಮಾರಾಟವಾಗದ ಆ ಚಿತ್ರಗಳನ್ನು ಹದಿನೆಂಟನೆಯ ಶತಮಾನದ ಬಂಗಾಳದ ಉಡುಪು, ಕಸುಬು ಮತ್ತು ವಾದ್ಯಗಳ ಬಗ್ಗೆ ತಿಳಿಯಲು ಸಂಶೋಧಕರು ಇಂದು ಆಧಾರವಾಗಿ ಬಳಸುತ್ತಾರೆ.

ನೆದರ್ಲೆಂಡ್ಸ್ ರಾಜ್ಯ ಸ್ಥಾಪನೆಯಾದ ತರುವಾಯ ದೊರೆ ಒಂದನೆಯ ವಿಲಿಯಂ ಇವರನ್ನು ಆಂಟ್ವರ್ಪ್ ಬಂದರಿನ ಅಧಿಕಾರಿಯನ್ನಾಗಿ ನೇಮಿಸಿದರು. ಸೊಲ್ವಿನ್ಸ್ ಅವರು 1824ರಲ್ಲಿ ಅದೇ ನಗರದಲ್ಲಿ ನಿಧನರಾದರು.